ಅತ್ತೆಯ ಅರ್ಧ ರಂಗೋಲಿ

ಮಂಡಿ ಬಗ್ಗದಾದ ಮೇಲೆ ಇಂದಿರಮ್ಮ ರಂಗೋಲಿಯನ್ನು ಬಿಟ್ಟಾರೆಂದು ಸೊಸೆ ಸರಳಾ ಅಂದುಕೊಂಡಿದ್ದಳು. ಮುದುಕಿ ಬಿಡುವ ಪೈಕಿಯೇ? ಕಿದ್ವಾಯಿ ನಗರದ ಕ್ವಾರ್ಟರ್ಸಿನಲ್ಲಿ ಹೊಸ್ತಿಲು ಬಿಟ್ಟು ಕಂಪ್ಯೂಟರಿನ ಮುಂದೆ ಕೂತು, ರಂಗೋಲಿಯ ಪ್ರೋಗ್ರಾಮಿನಲ್ಲಿ ದಿನಾ ಬೆಳಿಗ್ಗೆ ಚುಕ್ಕಿ ಇಡತೊಡಗಿದರು.

ಕಂಪ್ಯೂಟರ್ ಬದಲಾದಾಗ ಆ ಹಳೇ ಪ್ರೋಗ್ರಾಮು ಹೊಸದಕ್ಕೆ ಒಗ್ಗಲಿಲ್ಲ. ಗುರ್‌ಗಾಂವಿನಲ್ಲಿ ಕೆಲಸಕ್ಕಿದ್ದ ಮೊಮ್ಮಗಳು ಸಿಂಧೂರ, ಹೊಸದರ ಹೊಟ್ಟೆಯೊಳಗೇ ಒಂದು ಹಳೇ ಕಂಪ್ಯೂಟರನ್ನು ಕೂರಿಸಿಕೊಟ್ಟಳು. ವರ್ಚುವಲ್ ಮಷೀನಂತೆ. ದೀಪ ಆರಿಸುವುದಕ್ಕೂ 'ದೊಡ್ಡದು ಮಾಡು' ಎನ್ನುವ ಇಂದಿರಮ್ಮ ಅದನ್ನೆಲ್ಲಿ ಆರಿಸುತ್ತಾರೆ? ಸುಮ್ಮನೆ ಮಲಗಿಸುತ್ತಿದ್ದರು. ಮರುದಿನ ಎಬ್ಬಿಸಿದರೆ ನಿನ್ನೆಯ ರಂಗೋಲಿ ಹಾಗೇ ಇರುತ್ತಿತ್ತು. ಅದನ್ನು ಒರೆಸಿ ಹೊಸದು ಹಾಕುವುದು. ಸೇವ್ ಮಾಡಲು ಹೇಳಿಕೊಟ್ಟರೆ, "ರಂಗೋಲೀನ ಯಾರಾದ್ರೂ ಸೇವ್ ಮಾಡ್ತಾರೇನೆ?" ಎಂದು ನಕ್ಕಿದ್ದರು.

ಹೋದ ಚಳಿಗಾಲ ರಂಗೋಲಿ ಅರ್ಧವಾಗಿದ್ದಾಗಲೇ ಎದೆ ಹಿಡಿದುಕೊಂಡರು. ಆಸ್ಪತ್ರೆಯಿಂದ ತಿರುಗಿ ಬರಲಿಲ್ಲ. ಆ ಗಡಿಬಿಡಿಯಲ್ಲೂ ಸರಳಾ ಮಷೀನನ್ನು ಮಲಗಿಸಿದ್ದಳು. ವರ್ಷದ ತಿಥಿ ಮುಗಿದರೂ ಎಬ್ಬಿಸಿರಲಿಲ್ಲ. ಎಬ್ಬಿಸಿದರೆ ಅತ್ತೆ ಇನ್ನೊಮ್ಮೆ ಹೋಗಿಬಿಟ್ಟಾರೆಂದು ಅವಳಿಗೆ ಭಯ.

ಈಗ ಸಿಂಧೂರ ವಿಂಡೋಸ್ ಸೆವೆನ್ ಹಾಕಲು ಕೂತಿದ್ದಳು. "ಮಲಗಿರೋ ಮಷೀನು ಹೊಸದ್ರಲ್ಲಿ ಏಳುತ್ತೆ ಅಂತ ಗ್ಯಾರಂಟಿ ಇಲ್ಲಮ್ಮ. ಎಬ್ಬಿಸಿ, ಪೂರ್ತಿ ಆಫ್ ಮಾಡಿ, ಆಮೇಲೆ ಕಾಪಿ ತಗೋಬೇಕು."

"ಅಜ್ಜಿ ರಂಗೋಲಿ?"

"ಸೇವ್ ಮಾಡ್ತೀನಿ ನಾ. ಟೆನ್ಶನ್ ಮತ್ ಲೋ, ಚಿಂತೆ ಬೇಡ."

ಎಬ್ಬಿಸಿದಳು. ಮಂಜಿನೊಳಗಿಂದ ಬೀದಿ ಕಾಣುವಂತೆ ಪರದೆ ನಿಧಾನ ತಿಳಿಯಾಯಿತು. ಮೂಲೆಯ ಗಡಿಯಾರದಲ್ಲಿ ಇನ್ನೂ ಅದೇ ಬೆಳಿಗ್ಗೆ. ಕೊನೆಯ ಎಳೆಯ ಒಂದು ತುದಿ ಚುಕ್ಕಿಯ ಮೇಲಿತ್ತು, ಇನ್ನೊಂದು ಮೌಸಿನ ಬಾಣಕ್ಕೆ ಅಂಟಿ ತೂಗಾಡುತ್ತಿತ್ತು. ಸರಳಾ ಮೌಸ್ ಹಿಡಿದಳು. ಎಳೆ ಕೈಯ ಜೊತೆಗೇ ಬಂತು. ಆ ತುದಿ ಅತ್ತೆ ಹಿಡಿದಿದ್ದಾರೆ, ಈ ತುದಿ ತಾನು, ಇಬ್ಬರೂ ಒಗೆದ ಸೀರೆ ಮಡಿಸುತ್ತಿರುವ ಹಾಗೆ. ಆಗೆಲ್ಲ ಮೊದಲು ಕೈಬಿಟ್ಟು ಬೈಸಿಕೊಳ್ಳುತ್ತಿದ್ದವಳು ಇವಳೇ. ಇವತ್ತು ಬಿಡಲು ಮನಸ್ಸಿಲ್ಲದೆ ಎಳೆಯನ್ನು ಅತ್ತ ಇತ್ತ ಆಡಿಸಿದಳು.

"ಕ್ಲಿಕ್ ಮಾಡಮ್ಮ," ಎಂದಳು ಸಿಂಧೂರ, ಮೆಲ್ಲಗೆ.

ಸರಳಾ ಎಳೆಯನ್ನು ಚುಕ್ಕಿಗೆ ಕೂಡಿಸಿದಳು. ಮಿಕ್ಕ ಅರ್ಧವನ್ನೂ ತನಗೆ ಬಂದಂತೆ ತುಂಬಿದಳು. ಕಣ್ಣೊರೆಸಿಕೊಂಡು ಒಮ್ಮೆ ಇಡೀ ರಂಗೋಲಿ ನೋಡಿದಳು.

"ಸೇವ್ ಮಾಡ್ಲಾ?"

ಸರಳಾ ಬೇಡವೆಂದು ತಲೆಯಾಡಿಸಿ, ತಾನೇ ಅದನ್ನು ಒರೆಸಿದಳು. "ಈಗ ದೊಡ್ಡದು ಮಾಡು," ಎಂದಳು.

ಮರುದಿನ ಬೆಳಿಗ್ಗೆ ಹೊಸ ವಿಂಡೋಸಿನೊಳಗೆ ಹಳೇ ಮಷೀನು ತಕರಾರಿಲ್ಲದೆ ಎದ್ದಿತು. ಗುಡಿಸಿಟ್ಟ ಅಂಗಳದಂತೆ ಪರದೆ ಖಾಲಿಯಿತ್ತು. ಸರಳಾ ಸೆರಗು ಸಿಕ್ಕಿಸಿಕೊಂಡು, ಬಗ್ಗುವ ಅಗತ್ಯವೇ ಇಲ್ಲದಿದ್ದರೂ ತುಸು ಬಗ್ಗಿ, ಮೊದಲ ಚುಕ್ಕಿ ಇಟ್ಟಳು.