ಉಳಿದ ಅರ್ಧ

ಆ ಬೆಳಿಗ್ಗೆ ಹಳಿಯಾಳದ ಕಡೆಯ ಗದ್ದೆಗಳ ಮೇಲೆ ಮಂಜು ದಟ್ಟವಾಗಿ ಕವಿದಿತ್ತು. ಭತ್ತ ಕೊಯ್ಯುತ್ತಿದ್ದ ಹೆಂಗಸರಿಗೆ ಪಕ್ಕದವಳ ಕುಡುಗೋಲಿನ ಸದ್ದು ಕೇಳುತ್ತಿತ್ತೇ ಹೊರತು ಕೈ ಕಾಣುತ್ತಿರಲಿಲ್ಲ. ತೆನೆಯ ನೀರು ಮೊಣಕೈವರೆಗೆ ಇಳಿಯುತ್ತಿತ್ತು. ಆ ಬಿಳುಪಿನೊಳಗಿಂದ ಗದ್ದೆಯ ಸಾವಕಾರ ಮಹಾಬಳೇಶ್ವರನ ದನಿ ಮೊದಲು ಬಂತು, ಅವನು ಆಮೇಲೆ.

"ಏ ಸಿದ್ದಿ ಸೂಳೇರ, ಕುಡಗೋಲ ಒಗೀರಿ ಅತ್ತಾಗ. ಇವತ್ತ ಸೀರಿಯಲ್‌ದವರ ಕಡೆ ಕೆಲಸ."

"ಅರ್ಧಾ ಗದ್ದಿ ಉಳದೇತಲ್ರಿ ಸಾವಕಾರ್ರ" ಎಂದಳು ಮಾಗ್ದಲೀನಾ. ಸಿದ್ದಿ ಕೇರಿಯ ಹೆಂಗಸರಲ್ಲಿ ಅವಳೇ ಹಿರಿಯಳು.

"ಗದ್ದಿ ಎಲ್ಲಿ ಓಡಿ ಹೊಕ್ಕೈತಿ? ನಿಮ್ಮ ಮಾರಿ ನೋಡಾಕ ಬೆಂಗಳೂರಿಂದ ಬಂದಾರ. ಮತ್ತ ಯಾವಾಗ ಬರ್ತಾರ ಅಂಥಾ ಹುಚ್ಚರು? ನಡೀರಿ."

ಕೇರಿಯ ಮನೆಗಳಿದ್ದದ್ದು ಅವನ ಗದ್ದೆಯ ಅಂಚಿನಲ್ಲಿ. ಹೆಂಗಸರು ಸೆರಗಿಗೆ ಕೈ ಒರೆಸಿಕೊಂಡು ಹೊರಟರು.

ಸಾಗವಾನಿ ಮರಗಳ ನಡುವೆ ಯಂತ್ರವೊಂದು ಬಿಳಿ ಹೊಗೆ ಬಿಡುತ್ತಿತ್ತು. ಬಿದ್ದ ಮಂಜು ಕ್ಯಾಮೆರಾಕ್ಕೆ ಸಾಲದಂತೆ. ಎಲೆಗಳೂ ಸಾಲವು, ಪ್ಲಾಸ್ಟಿಕ್ ಎಲೆ ಪೋಣಿಸಿದ ಲಂಗಗಳನ್ನು ಗೋಣಿಚೀಲದಲ್ಲಿ ತುಂಬಿ ತಂದಿದ್ದರು. ಬಣ್ಣ ಹಚ್ಚುವ ಹುಡುಗಿ ಕಪ್ಪು ಬಣ್ಣದ ಡಬ್ಬಿ ತೆರೆದು, ಮಾಗ್ದಲೀನಾಳ ಮುಖ ನೋಡಿ, ಅನುಮಾನದಿಂದ ಹಿಂದೆ ತಿರುಗಿದಳು.

"ಇವರಿಗೂ ಹಚ್ಚಬೇಕಾ ಸರ್?"

"ಹಚ್ಚು. ಲೈಟಿಗೆ ಕಂದು ಕಾಣ್ತಾರೆ. ಜನಕ್ಕೆ ಭಯ ಆಗ್ಬೇಕು" ಎಂದ ಡೈರೆಕ್ಟರು.

"ದೇವರು ಹಚ್ಚಿದ್ದು ಸಾಲಲಿಲ್ಲ ನೋಡ ಮಾಯಿ, ಇವರಿಗೆ" ಎಂದು ಮಾಗ್ದಲೀನಾಳ ಸೊಸೆ ನೀಲಂ ಅತ್ತೆಯ ಕಿವಿಯಲ್ಲಿ ಅಂದಳು. ಕೇಳಿಸಿಕೊಂಡ ಹೆಂಗಸರೆಲ್ಲ ನಕ್ಕರು. ಆ ಹೊತ್ತಿಗೆ ಅದು ನಗುವ ಮಾತಾಗಿಯೇ ಇತ್ತು.

ಡೈರೆಕ್ಟರನ ಸಹಾಯಕ ಅಜಯ ಕಥೆ ಹೇಳಿದ. ಶ್ರೀಮಂತರ ಮನೆಯ ಸೊಸೆ ಕಾಡಿನಲ್ಲಿ ದಾರಿ ತಪ್ಪುತ್ತಾಳೆ. ಕಾಡುಜನ ಹಿಡಿದು ಮರಕ್ಕೆ ಕಟ್ಟುತ್ತಾರೆ.

"ಕಟ್ಟಿ ಏನ ಮಾಡ್ತೇವ್ರಿ?" ನೀಲಂ ಕೇಳಿದಳು.

"ಬಲಿ ಕೊಡ್ತೀರಾ. ಆಮೇಲೆ ತಿಂತೀರಾ."

"ಇವತ್ತ ಶುಕ್ರವಾರರಿ. ನಾವು ಕೋಳೀನೂ ತಿನ್ನೂದಿಲ್ಲ."

ಅಜಯನಿಗೂ ನಗು ಬಂತು, ಡೈರೆಕ್ಟರು ನೋಡುತ್ತಿದ್ದನೆಂದು ನುಂಗಿಕೊಂಡ. ಮಾಗ್ದಲೀನಾಳನ್ನು ಕಲ್ಲಿನ ಮೇಲೆ ಕೂರಿಸಿ ಕೈಗೊಂದು ಕೋಲು ಕೊಟ್ಟರು. ಕೊರಳಿನ ಶಿಲುಬೆಯನ್ನು ರವಿಕೆಯೊಳಗೆ ತೂರಿಸಿಕೊಳ್ಳಲು ಹೇಳಿದರು.

"ಈಗ ನಿಮ್ಮ ಭಾಷೇಲಿ ಮಾತಾಡಿ ಅಜ್ಜಿ" ಎಂದ ಡೈರೆಕ್ಟರು.

"ಇದ ನಮ್ಮ ಭಾಷಿರಿ."

"ಕನ್ನಡ ಅಲ್ಲ. ಕಾಡುಜನ ಕನ್ನಡ ಮಾತಾಡಿದ್ರೆ ಯಾರು ನಂಬ್ತಾರೆ? ನಿಮ್ಮ ಮೂಲದ್ದು. ಆಫ್ರಿಕಾದ್ದು."

"ಅದನ್ನ ನಮ್ಮಜ್ಜನ ಅಜ್ಜಾನೂ ಕೇಳಿರಾಕಿಲ್ರಿ. ಮನ್ಯಾಗ ಕೊಂಕಣಿ ಆಡ್ತೇವಿ."

"ಏನೋ ಒಂದು. ನಂಗೆ ಅರ್ಥ ಆಗ್ಬಾರ್ದು, ನಿಲ್ಲಿಸಬಾರ್ದು. ಅಷ್ಟೇ" ಎಂದ ಡೈರೆಕ್ಟರು. ಉಳಿದವರು ಉಸಿರೆತ್ತಬಾರದು, ತಾನು ಕೈ ಎತ್ತಿದ ಮೇಲೆ ಎಲ್ಲರೂ ನರಿಯ ಹಾಗೆ ಊಳಿಡಬೇಕು ಎಂದೂ ಹೇಳಿದ.

ದೀಪಗಳು ಹತ್ತಿದವು. ಮಾಗ್ದಲೀನಾ ಕೋಲು ಹಿಡಿದು ನೇರ ಕುಳಿತಳು. ತಡೆಯಿಲ್ಲದೆ ಬರುವ ಮಾತು ಅವಳಲ್ಲಿ ಇದ್ದದ್ದು ಒಂದೇ. ಪಾದ್ರಿಗಳು ಆ ಕೇರಿಗೆ ಬರುವುದು ಅಪರೂಪ. ಯಾರದಾದರೂ ಜೀವ ಹೋದರೆ ಏಳು ಸಂಜೆ ಆ ಮನೆಯಲ್ಲಿ ಜಪಮಾಲೆ ಹಿಡಿದು ಪ್ರಾರ್ಥನೆ ಹೇಳಿಸುವವಳು ಅವಳೇ. ಮೊದಲ ಅರ್ಧ ಅವಳು ಹೇಳುತ್ತಾಳೆ, ನಿಲ್ಲಿಸುತ್ತಾಳೆ. ಉಳಿದ ಅರ್ಧವನ್ನು ಕೂಡಿದವರೆಲ್ಲ ಹೇಳಿ ಮುಗಿಸುತ್ತಾರೆ. ಅವಳ ತಾಯಿಯೂ ಹಾಗೆಯೇ ಹೇಳಿಸುತ್ತಿದ್ದಳು. ಒಬ್ಬರೇ ಪೂರ್ತಿ ಹೇಳುವ ರೂಢಿ ಆ ಕೇರಿಯಲ್ಲಿಲ್ಲ.

"ನಮಾನ್ ಮೊರಿಯೆ..." ಎಂದು ಅವಳು ಮೇರಿ ಮಾತೆಯ ಕೊಂಕಣಿ ಪ್ರಾರ್ಥನೆ ಶುರುಮಾಡಿದಳು. ಅರ್ಧಕ್ಕೆ ಬಂದು, ರೂಢಿಯಂತೆ ನಿಲ್ಲಿಸಿ, ಕಾದಳು.

ಯಾರೂ ಉತ್ತರ ಕೊಡಲಿಲ್ಲ. ನೀಲಂಳ ತುಟಿ ಅಲುಗಿತು. ಡೈರೆಕ್ಟರು ಬೆರಳು ತೋರಿಸಿ ಅವಳನ್ನು ತಡೆದ. ಆಮೇಲೆ ಅವನ ಕೈ ಮೇಲೆದ್ದಿತು, ಹೆಂಗಸರೆಲ್ಲ ಊಳಿಟ್ಟರು.

"ಆ ಗ್ಯಾಪ್ ಕೊಟ್ರಲ್ಲ ಅಜ್ಜಿ, ಅದೇ ಬೇಕಾಗಿದ್ದು" ಎಂದ ಅವನು. "ಮೈ ಜುಂ ಅಂತು."

ಆ ಕಂತು ಟೀವಿಯಲ್ಲಿ ಬಂದ ದಿನ ಕೇರಿಯೆಲ್ಲ ಮಾಗ್ದಲೀನಾಳ ಮನೆಯಲ್ಲಿ ಸೇರಿತ್ತು. ಪಕ್ಕದ ಮನೆಯ ಜೇವಿಯರ್ ಕೆಮ್ಮುತ್ತಾ ಬಂದು ಮುಂದೆಯೇ ಕುಳಿತ. ದಾಂಡೇಲಿಯಲ್ಲಿ ಬಿದಿರಿನ ಲೋಡು ಇಳಿಸುತ್ತ ಮುದುಕನಾದವನು ಅವನು, ಓದು ಬಲ್ಲವನು. ತೆರೆಯ ಮೇಲೆ ಮಾಗ್ದಲೀನಾ ಬಂದಾಗ ಮಕ್ಕಳು ಚಪ್ಪಾಳೆ ತಟ್ಟಿದರು. ಅವಳ ದನಿಯನ್ನು ದಪ್ಪ ಮಾಡಿದ್ದರು. ಕೆಳಗೆ ಹಳದಿ ಅಕ್ಷರಗಳು ಓಡಿದವು.

"ಏನ ಬರದಾರೋ ಜೇವಿಯರಾ?" ಎಂದಳು ಮಾಗ್ದಲೀನಾ.

ಜೇವಿಯರ್ ಕಣ್ಣು ಕಿರಿದು ಮಾಡಿದ. "ನಾ ಬರದಿದ್ದಲ್ಲ ಮತ್ತ. ನನಗ ಬೈಬ್ಯಾಡ್ರಿ" ಎಂದು ಓದಿದ. "ಇವಳ ರಕ್ತ ನಮ್ಮ ದೇವರಿಗೆ. ಇವಳ ಮಾಂಸ ನಮಗೆ."

ತೆರೆಯ ಮೇಲಿನ ಮಾಗ್ದಲೀನಾ ನಿಲ್ಲಿಸಿ ಕಾದಳು. ಆ ಮೌನದ ಮೇಲೆ ಊಳು ಎದ್ದಿತು. ಅದರಲ್ಲಿ ನೀಲಂಳ ದನಿ ಎಲ್ಲರಿಗಿಂತ ಮೇಲಿತ್ತು. ಗೋಡೆಗೊರಗಿದ್ದ ನೀಲಂ ತಲೆ ತಗ್ಗಿಸಿದಳು. ಯಾರೂ ಯಾರ ಮುಖವನ್ನೂ ನೋಡದೆ, ಚಾಪೆ ಮಡಚಿಕೊಂಡು ಒಬ್ಬೊಬ್ಬರೇ ಎದ್ದು ಹೋದರು.

ಸಂತೆಯಲ್ಲಿ ಈರುಳ್ಳಿ ಮಾರುವವನು ತಕ್ಕಡಿಯನ್ನು ಎದೆಗೆ ಅಡ್ಡ ಹಿಡಿದು, "ನನ್ನ ತಿನಬ್ಯಾಡ ಮುದಕಿ, ಉಳ್ಳಾಗಡ್ಡಿ ತಿನ್ನು" ಎಂದ. ಸುತ್ತಲಿನವರು ನಕ್ಕರು. ಬಸ್ಸಿನಲ್ಲಿ ಒಬ್ಬಳು ಅತ್ತ ಮಗುವಿಗೆ ಮಾಗ್ದಲೀನಾಳನ್ನು ತೋರಿಸಿ ಸುಮ್ಮನಾಗಿಸಿದಳು. ಇದನ್ನೆಲ್ಲ ಅವಳು ತಡೆದುಕೊಂಡಳು. ಹೊರಗಿನವರದು ಅವಳಿಗೆ ರೂಢಿಯಾಗಿತ್ತು.

ಚಳಿ ಇಳಿಯುವ ಹೊತ್ತಿಗೆ ಜೇವಿಯರ್ ತೀರಿಕೊಂಡ.

ಮೊದಲ ಸಂಜೆ ಅವನ ಮನೆಯಲ್ಲಿ ಮೇಣದ ಬತ್ತಿ ಹಚ್ಚಿ ಎಲ್ಲರೂ ಕುಳಿತರು. ಮಾಗ್ದಲೀನಾ ಜಪಮಾಲೆ ತೆಗೆದು ಮೊದಲ ಅರ್ಧ ಹೇಳಿ ನಿಲ್ಲಿಸಿದಳು. ಆ ಗಳಿಗೆಗೆ ಸರಿಯಾಗಿ ಬಾಗಿಲ ಬಳಿಯಿಂದ ಯಾವುದೋ ಮಗು ಊಳಿಟ್ಟಿತು. ಕೇರಿಯದೇ ಮಗು. ಟೀವಿಯಲ್ಲಿ ಹಾಗೇ ಇತ್ತಲ್ಲ.

ಯಾರೋ ಮಗುವಿಗೆ ಏಟು ಹಾಕಿದರು. ಆದರೆ ನಗು ಅಷ್ಟರಲ್ಲಿ ಎದ್ದಾಗಿತ್ತು. ಬಾಯಿಗೆ ಸೆರಗು ಒತ್ತಿಕೊಂಡರೂ ಭುಜಗಳು ಕುಲುಕುತ್ತಿದ್ದವು. ಜೇವಿಯರನ ಮಗಳು ಅಳುತ್ತ ಅಳುತ್ತಲೇ ನಕ್ಕಳು. ನೀಲಂ ನಕ್ಕಳು.

ಮಾಗ್ದಲೀನಾ ಕಾದಳು. ಉಳಿದ ಅರ್ಧ ಬರಲಿಲ್ಲ. ಅವಳು ಜಪಮಾಲೆಯನ್ನು ಮುಷ್ಟಿಯಲ್ಲಿ ಮುಚ್ಚಿ ಎದ್ದಳು.

"ಪಾದ್ರಿ ಬಂದಾಗ ಹೇಳಿಸ್ರಿ. ನನ್ನ ಬಾಯಿ ಹೊಲಸಾಗೇತಿ."

ಮನೆಯಲ್ಲಿ ನೀಲಂ ಒಲೆಯ ಮುಂದೆ ಕುಳಿತು ಬೂದಿ ಕೆದಕಿದಳು. "ನಾ ಬೇಕಂತ ನಗಲಿಲ್ಲ ಮಾಯಿ."

"ಗೊತ್ತೈತಿ."

"ಬೈ ನನಗ. ಹೊಡಿ ಬೇಕಾರ."

"ಯಾರಿಗೆ ಬೈಲಿ? ಅಲ್ಲಿ ಹೋಗಿ ಕುಂತಾಕಿ ನಾ."

ಜೇವಿಯರನ ಏಳು ಸಂಜೆಗಳು ಪ್ರಾರ್ಥನೆಯಿಲ್ಲದೆ ಕಳೆದವು.

ಕಬ್ಬು ಕಡಿಯುವ ದಿನಗಳಲ್ಲಿ ಮಹಾಬಳೇಶ್ವರ ಮತ್ತೆ ಬಂದ. ಆ ಕಂತನ್ನು ಜನ ಬಹಳ ಮೆಚ್ಚಿದ್ದರಂತೆ, ಮತ್ತೊಂದು ತೆಗೆಯಬೇಕಂತೆ.

"ನಾ ಬರೂದಿಲ್ರಿ" ಎಂದಳು ಮಾಗ್ದಲೀನಾ.

"ಬರಬ್ಯಾಡ. ನಿನ್ನ ಮನಿ ಹೊತ್ತಕೊಂಡು ನನ್ನ ಜಾಗಾ ಬಿಟ್ಟು ನಡಿ. ಮುದಕಿಗೆ ಸೊಕ್ಕ ನೋಡು."

ಹೋದರು. ಮತ್ತದೇ ಎಲೆ, ಅದೇ ಡಬ್ಬಿಯ ಕಪ್ಪು. ಆದರೆ ಕಲ್ಲಿನ ಮೇಲೆ ಬೇರೊಬ್ಬಳು ಕುಳಿತಿದ್ದಳು. ಬೆಂಗಳೂರಿನ ನಟಿ. ಕತ್ತಿನ ಹಿಂದೆ ಬಣ್ಣ ತಾಗದ ಕಡೆ ಬೆಳ್ಳಗೆ ಹೊಳೆಯುತ್ತಿತ್ತು. ತಲೆಗೆ ಗುಂಗುರು ಕೂದಲಿನ ಟೋಪಿ ಇತ್ತು.

ಅಜಯ ನೆಲ ನೋಡುತ್ತಾ ಹೇಳಿದ, "ಅಜ್ಜಿ, ನೀವು ಹಿಂದೆ ಕೂತ್ಕೊಳ್ಳಿ. ಪಾತ್ರ ದೊಡ್ಡದಾಯ್ತು, ಅದಕ್ಕೆ ಮೇಡಂ ಬಂದಿದ್ದಾರೆ. ಧ್ವನಿ ನಿಮ್ದೇ. ಅವತ್ತಿನ ರೆಕಾರ್ಡ್ ಇದೆ."

ಮಾಗ್ದಲೀನಾ ಹಿಂದಿನ ಸಾಲಿನಲ್ಲಿ ನೀಲಂಳ ಪಕ್ಕ ಕುಳಿತಳು. ಸ್ಪೀಕರಿನಿಂದ ಅವಳ ದನಿ ಬಂತು. ನಟಿ ಕೋಲು ಬೀಸುತ್ತಾ ತುಟಿ ಆಡಿಸಿದಳು. ಅರ್ಧಕ್ಕೆ ದನಿ ನಿಂತಿತು.

"ಸಾಂತಾ ಮೊರಿಯೆ..." ಎಂದು ಉಳಿದ ಅರ್ಧ ಎತ್ತಿಕೊಂಡಳು ನೀಲಂ.

"ಕಟ್. ಯಾರದು?"

ಮತ್ತೆ ಶುರುವಾಯಿತು. ಮತ್ತೆ ಅರ್ಧಕ್ಕೆ ನಿಂತಿತು. ನೀಲಂ ಮತ್ತೆ ಬಾಯಿ ತೆರೆದಳು. ಈ ಸಲ ಜೇವಿಯರನ ಮಗಳ ದನಿಯೂ ಜೊತೆಗಿತ್ತು. ಮಹಾಬಳೇಶ್ವರ ಕೊಡೆಯ ನೆರಳಿನಿಂದ ಎದ್ದು ಬಂದು ನೀಲಂಳ ರಟ್ಟೆ ಹಿಡಿದ.

"ಏ ಹಲ್ಕಟ್ ರಂಡಿ, ಬಾಯಾಗ ಮಣ್ಣ ತುರಕಲೇನು?"

"ತುರಕ್ರಿ ಸಾವಕಾರ್ರ. ಅರ್ಧಕ್ಕ ಬಿಡಾಕ ಬರೂದಿಲ್ಲ ಇದು. ಬಿಟ್ಟು ಬಿಟ್ಟು ನಾಯಿಗಿಂತ ಕಡಿ ಆಗೇವಿ."

ಅವನು ಕಪಾಳಕ್ಕೆ ಹೊಡೆದ. ಕಪ್ಪು ಬಣ್ಣ ಅವನ ಅಂಗೈಗೆ ಅಂಟಿತು. ನೀಲಂ ಎದ್ದು ಓಡಲಿಲ್ಲ, ಅಳಲಿಲ್ಲ.

"ಬಿಡ್ರಿ, ಬಿಸಿಲು ಹೋಗ್ತಾ ಇದೆ" ಎಂದ ಡೈರೆಕ್ಟರು. "ಸೌಂಡೇ ಬೇಡ. ಮೇಡಂ ಬರೀ ತುಟಿ ಆಡಿಸ್ಲಿ, ಆಮೇಲೆ ಸೇರಿಸ್ಕೋತೀವಿ."

ಸ್ಪೀಕರ್ ಆರಿಸಿದರು. ಕಾಡು ಸುಮ್ಮನಾಯಿತು. ಕಲ್ಲಿನ ಮೇಲೆ ಕಪ್ಪು ಬಳಿದ ಬಿಳಿ ಮುಖದ ತುಟಿಗಳು ದನಿಯಿಲ್ಲದೆ ಅಲುಗಿದವು, ನಿಂತವು. ಡೈರೆಕ್ಟರನ ಕೈ ಊಳಿಡಿಸಲು ಮೇಲೇಳುತ್ತಿತ್ತು. ನೀಲಂ ಅತ್ತೆಯ ಮುಖ ನೋಡಲಿಲ್ಲ. ನೋಡುವ ಮುಖ ತನಗೆ ಇನ್ನೂ ಬಂದಿಲ್ಲವೆಂಬಂತೆ ಕಣ್ಣು ನೆಲದಲ್ಲೇ ಇಟ್ಟು ಅವಳ ಕಿವಿಯ ಹತ್ತಿರ ಬಾಗಿದಳು. ಸಾಯುವವರ ಮಂಚದ ಬಳಿ ಹೇಳುವಷ್ಟು ಮೆಲ್ಲಗೆ, ಒಂದು ಮಾತೂ ಬಿಡದೆ, ಜೇವಿಯರನ ಹೆಸರನ್ನೂ ಸೇರಿಸಿ, ಉಳಿದ ಅರ್ಧವನ್ನು ಅವಳಿಗೆ ಒಪ್ಪಿಸಿದಳು.