ಮಂಚದ ಗೇಟು

ನನ್ನ ತಮ್ಮ ದುಮೆಗೆ ಬುದ್ಧಿ ಕಡಿಮೆ ಎಂದು ನಾನು ಯಾವತ್ತೂ ಹೇಳಿಲ್ಲ. ಸೊಕ್ಕು ಜಾಸ್ತಿ ಎಂದು ಹೇಳಿದ್ದೇನೆ. ಅವನ ಮುಖಕ್ಕೇ ಹೇಳಿದ್ದೇನೆ, ಬಾರಿನಲ್ಲಿ ಊರಿನವರೆಲ್ಲ ಕೂತಿರುವಾಗಲೇ ಹೇಳಿದ್ದೇನೆ. ಅವನು ಕೇಳಿಸಿಕೊಂಡು, ಲೋಟ ಮುಂದಕ್ಕೆ ತಳ್ಳಿ, "ಇನ್ನೊಂದು ಹಾಕಕ್ಕ" ಅನ್ನುತ್ತಾನೆ. ಅವನ ಜಾಯಮಾನವೇ ಅದು.

ಬಾರು ನನ್ನದು. ಮೇಲಿನ ಮೂರು ಕೋಣೆಗಳೂ ನನ್ನವೇ. ಕಾರ್ಸಿಕ ದ್ವೀಪದ ಈ ನಡುಬೆಟ್ಟಕ್ಕೆ ಮೊದಲೆಲ್ಲ ಬರುತ್ತಿದ್ದವರು ಕಾಡುಹಂದಿ ಬೇಟೆಯವರು, ಇಲ್ಲದಿದ್ದರೆ ಮಣ್ಣಿಗೆ ಬರುವ ನೆಂಟರು. ಸೈಕಲ್ ದಾರಿ ಎಂದು ಘಟ್ಟದುದ್ದಕ್ಕೂ ದಾರಿ ತೋರುವ ಹಸಿರು ಹಲಗೆಗಳನ್ನು ನೆಟ್ಟ ಮೇಲೆಯೇ ನನ್ನ ಕೋಣೆಗಳಲ್ಲಿ ದೀಪ ಹತ್ತಿದ್ದು. ಸೈಕಲ್ಲಿನ ಎರಡೂ ಪಕ್ಕಕ್ಕೆ ಚೀಲ ನೇತುಹಾಕಿಕೊಂಡು ಏದುಸಿರು ಬಿಡುತ್ತ ಬರುತ್ತಾರೆ, ಮೂರು ಜನರ ಊಟವನ್ನು ಒಬ್ಬೊಬ್ಬರೇ ಉಣ್ಣುತ್ತಾರೆ, ಕತ್ತಲಾಗುತ್ತಿದ್ದಂತೆ ಮಲಗುತ್ತಾರೆ. ಅವರಿಂದ ನನಗೆ ಒಂದಿಷ್ಟೂ ತೊಂದರೆಯಿಲ್ಲ.

ತೊಂದರೆ ದುಮೆಗೆ. ಊರಿಗೆ ಬರುವ ದಾರಿ ಕೆಳಗೊಂದು ಕಡೆ ಕವಲೊಡೆಯುತ್ತದೆ. ಬಲಕ್ಕೆ ಹತ್ತಿದರೆ ನಮ್ಮೂರು ಪೆತ್ರಿಚ್ಚಿ. ಎಡಕ್ಕೆ ಇಳಿದರೆ ದುಮೆಯ ಚೆಸ್ಟ್‌ನಟ್ ತೋಪು, ಅವನ ಹಂದಿದೊಡ್ಡಿ, ಅದರಾಚೆ ಸೇತುವೆ ಕೊಚ್ಚಿಹೋದ ಹಳ್ಳ. ಆ ದೊಡ್ಡಿಯ ಗೇಟು ನಮ್ಮಪ್ಪ ಅಮ್ಮನ ಕಬ್ಬಿಣದ ಮಂಚ. ನಮ್ಮ ಕಡೆ ಹಾಗೆಯೇ, ಮಂಚ ಹಳತಾದರೆ ಗೇಟಾಗುತ್ತದೆ. ಎರಡು ಕಲ್ಲುಗಂಬದ ನಡುವೆ ನಿಲ್ಲಿಸಿ ತಂತಿ ಸುತ್ತಿದರೆ ಮುಗಿಯಿತು. ಹೋದ ಮೇ ತಿಂಗಳಲ್ಲಿ ಯಾರೋ ಸೈಕಲ್ಲಿನವರು ಬುತ್ತಿ ಬಿಚ್ಚಲು ನೆರಳು ಹುಡುಕಿಕೊಂಡು ಆ ಕಡೆ ಹೋಗಿ, ಮಂಚವನ್ನು ಪಕ್ಕಕ್ಕಿಟ್ಟು, ಹಾಗೆಯೇ ಬಿಟ್ಟುಬಂದರು. ದುಮೆಯ ಗಬ್ಬದ ಹಂದಿ ರಸ್ತೆಗೆ ಬಂದು ಮರದ ದಿಮ್ಮಿ ಸಾಗಿಸುವ ಲಾರಿಗೆ ಸಿಕ್ಕಿತು. ಹೊಟ್ಟೆಯೊಳಗಿನ ಮರಿಗಳ ಸಮೇತ ಹೋಯಿತು.

ಅವನಿಗೆ ಸಿಟ್ಟು ಬಂದದ್ದು ತಪ್ಪಲ್ಲ. ನನಗೂ ಬಂದಿತ್ತು. ಆದರೆ ನಾನು ಹೇಳಿದ್ದು ಒಂದೇ ಮಾತು: "ಆ ಮಂಚ ಕಿತ್ತು ಬಿಸಾಕಿ, ನೋಡಿದ್ರೆ ಗೇಟು ಅಂತ ಗೊತ್ತಾಗೋ ಅಂಥ ಗೇಟು ಹಾಕ್ಸೋ."

"ನಾನೂ ನೀನೂ ಹುಟ್ಟಿದ ಮಂಚ ಅದು. ಬಾಯಿಗೆ ಬಂದಂಗೆ ಮಾತಾಡ್ಬೇಡ."

"ಅದು ನಿಂಗೊತ್ತು, ನಂಗೊತ್ತು. ಬಂದೋರಿಗೆ ಹೆಂಗೋ ಗೊತ್ತಾಗ್ಬೇಕು?"

"ಕಣ್ಣಿದ್ದೋರಿಗೆ ಗೊತ್ತಾಗುತ್ತೆ," ಎಂದ. ಅಲ್ಲಿಗೆ ಆ ಮಾತು ನಿಂತಿತು.

ಅಕ್ಟೋಬರಿನ ಆ ದಿನ ಫೆಮ್ಕೆ ಬರಬೇಕಿತ್ತು. ಫೆಮ್ಕೆ ಹಾಲೆಂಡಿನವಳು, ಎಪ್ಪತ್ತು ದಾಟಿದವಳು, ಒಬ್ಬಳೇ ಬರುವವಳು. ಹಲಗೆ ಗಿಲಗೆ ಏನೂ ಇಲ್ಲದ ಕಾಲದಿಂದಲೂ ವರ್ಷಕ್ಕೊಮ್ಮೆ ಈ ಘಟ್ಟ ಹತ್ತುತ್ತಾಳೆ. ನಮ್ಮಮ್ಮ ಬದುಕಿದ್ದಾಗ ಅವರ ಪಕ್ಕ ಕೂತು ಚೆಸ್ಟ್‌ನಟ್ ಸುಲಿಯುತ್ತಿದ್ದಳು, ನಮ್ಮ ಭಾಷೆಯನ್ನು ಅಮ್ಮನ ಬಾಯಿಂದಲೇ ಅಷ್ಟಿಷ್ಟು ಕಲಿತಳು. ನಾನು ಅವಳ ಕೋಣೆಗೆ ಹೊಸ ಹಾಸಿಗೆ ಹಾಸಿ, ಚೆಸ್ಟ್‌ನಟ್ ಹಿಟ್ಟಿನ ಮುದ್ದೆ ತೊಳಸಿ, ಪಕ್ಕಕ್ಕೆ ಮೇಕೆಹಾಲಿನ ಗಿಣ್ಣು ಇಟ್ಟು ಕಾದೆ. ಊಟದ ಹೊತ್ತಿಗೆ ಬರುವವಳು ಬರಲಿಲ್ಲ. ಮುದ್ದೆ ಆರಿ ಕಲ್ಲಾಯಿತು. ಬೆಟ್ಟದಿಂದ ಮಂಜು ಇಳಿಯಿತು, ಜೊತೆಗೆ ಮೂಳೆ ಕೊರೆಯುವ ಸಣ್ಣ ಮಳೆ ಹಿಡಿಯಿತು.

ಅವಳ ಬದಲು ಬಂದವರು ಜರ್ಮನಿಯ ಗಂಡ ಹೆಂಡತಿ. ಇಬ್ಬರೂ ಮಂಡಿಯವರೆಗೆ ಕೆಸರು ಮೆತ್ತಿಕೊಂಡಿದ್ದರು. ಗಂಡ ಹೆಲ್ಮೆಟ್ಟನ್ನು ನನ್ನ ಮೇಜಿನ ಮೇಲೆ ಕುಕ್ಕಿದ.

"ಏನ್ರೀ ನಿಮ್ಮೂರಿನ ಹಲಗೆ? ಅದು ತೋರ್ಸಿದ ಕಡೆ ಹೋದ್ರೆ ಹಳ್ಳ ಸಿಕ್ತು. ಸೇತುವೇನೇ ಇಲ್ಲ. ಸೈಕಲ್ ಹೊತ್ಕೊಂಡು ವಾಪಸ್ ಬಂದಿದೀವಿ."

"ಹಲಗೆ ಬಲಕ್ಕಲ್ವಾ ಇರೋದು?" ಎಂದೆ.

"ಎಡಕ್ಕಿದೆ," ಎಂದು ಹೆಂಡತಿ ಫೋನಿನಲ್ಲಿ ಫೋಟೋ ತೋರಿಸಿದಳು. ನಿಜ. ಹಸಿರು ಹಲಗೆ ಎಡಕ್ಕೆ ಮುಖ ಮಾಡಿ ನಿಂತಿತ್ತು.

ಕಿಟಕಿಯ ಪಕ್ಕದ ಮೇಜಿನಲ್ಲಿ ಇಸ್ಪೀಟು ನಡೆಯುತ್ತಿತ್ತು. ದುಮೆ, ಅವನ ಎದುರಿಗೆ ನಮ್ಮ ಚಿಕ್ಕಪ್ಪನ ಮಗ ಫೆಲಿಚೆ. ಫೆಲಿಚೆ ನಲವತ್ತು ವರ್ಷ ಅಂಚೆ ಹಂಚಿ ಈಗ ಬರೀ ಹರಟೆ ಹಂಚುತ್ತಾನೆ. ಅವನು ಎಲೆಗಳ ಹಿಂದೆ ಮುಖ ಮುಚ್ಚಿಕೊಂಡಿದ್ದ, ಹೆಗಲು ಕುಲುಕುತ್ತಿತ್ತು. ದುಮೆ ಮಾತ್ರ ತನ್ನ ಎಲೆಗಳನ್ನು ಮೊದಲ ಸಲ ನೋಡುವವನಂತೆ ನೋಡುತ್ತಿದ್ದ. ನನಗೆ ಅಷ್ಟು ಸಾಕಾಯಿತು.

"ದುಮೆ, ನೀನಾ?"

"ಏನು ನಾನಾ?"

"ಹಲಗೆ ತಿರುಗ್ಸಿದ್ದು."

"ಗಾಳಿಗೆ ತಿರುಗಿರ್ಬೇಕು."

"ಸ್ಪ್ಯಾನರ್ ಹಿಡ್ಕೊಂಡು ಬಂದಿತ್ತಾ ಗಾಳಿ?"

ಫೆಲಿಚೆ ತಡೆಯಲಾರದೆ ಕಿಸಕ್ಕೆಂದ. ದುಮೆ ಎಲೆಗಳನ್ನು ಕವುಚಿ ಹಾಕಿದ. "ನಾಕು ದಿನ ಸುತ್ಲಿ ಬಿಡಕ್ಕ. ಕಾಲು ನೋವು ಬರ್ಲಿ. ನನ್ನ ಹಂದಿ ಸತ್ತಾಗ ಅವ್ರಲ್ಲಿ ಒಬ್ನಾದ್ರೂ ಬಂದು ಏನಾಯ್ತಪ್ಪಾ ಅಂತ ಕೇಳಿದ್ನಾ?"

"ಫೆಮ್ಕೆ ಆ ದಾರೀಲಿದಾಳೆ ಕಣೋ."

ಫೆಲಿಚೆಯ ನಗು ನಿಂತಿತು. ದುಮೆ ಕಿಟಕಿಯತ್ತ ನೋಡಿದ. ಹೊರಗೆ ಎದುರುಮನೆಯೇ ಕಾಣುತ್ತಿರಲಿಲ್ಲ.

"ಅವ್ಳಿಗೆ ದಾರಿ ಗೊತ್ತು," ಎಂದ, ದನಿ ಮಾತ್ರ ಇಳಿದಿತ್ತು.

"ಈ ಮಂಜಲ್ಲಿ? ಆ ವಯಸ್ಸಲ್ಲಿ? ಹಳ್ಳಕ್ಕೆ ಬಿದ್ದಿದ್ರೆ ಯಾರೋ ಎತ್ತೋರು, ನಿನ್ನ ಹಂದಿಗಳಾ?"

ನನ್ನ ಮೈಯೆಲ್ಲ ಉರಿಯುತ್ತಿತ್ತು. ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ಅವನ ಮುಖಕ್ಕೆ ಎಸೆದೆ. ಆಮೇಲೆ ಏನೋ ಹೊಳೆದು ಜರ್ಮನಿಯವರ ಕಡೆ ತಿರುಗಿದೆ. "ಎಡಕ್ಕೆ ಇಳಿದ್ರಲ್ಲ, ಅಲ್ಲೊಂದು ಗೇಟಿತ್ತಲ್ಲ, ವಾಪಸ್ ಬರ್ತಾ ಮುಚ್ಚಿದ್ರಾ?"

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. "ಗೇಟಾ? ಯಾವ ಗೇಟೂ ಇರ್ಲಿಲ್ಲ," ಎಂದ ಗಂಡ. "ದಾರಿಗಡ್ಡ ಯಾರೋ ಹಳೇ ಮಂಚ ಬಿಸಾಕಿದ್ರು. ಪಕ್ಕಕ್ಕೆ ಎಳೆದು ಹೋದ್ವಿ. ಕಸ ಹಾಕೋಕೆ ನಿಮಗೆ ಬೇರೆ ಜಾಗ ಇಲ್ವಾ?"

ದುಮೆ ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು. ಅವನ ಮುಖದಲ್ಲಿ ರಕ್ತವಿರಲಿಲ್ಲ. ಈ ಊರಿನ ಗಂಡಸರಿಗೆ ಹಲಗೆ ಎಂದರೆ ಬಂದೂಕಿನ ಗುರಿ ನೋಡುವ ತಗಡು. ಅದನ್ನು ಓದಿ, ನಂಬಿ, ಅದು ತೋರಿಸಿದ ಕಡೆಗೇ ಹೋಗುವ ಜನ ಭೂಮಿಯ ಮೇಲೆ ಇದ್ದಾರೆ ಎಂಬುದು ಅವರ ತಲೆಗೆ ಹೋಗುವುದೇ ಇಲ್ಲ. ಸೈಕಲ್ಲಿನವರು ಊರಿಗೆ ಬರದಿರಲಿ ಎಂದಷ್ಟೇ ಇವನು ಯೋಚಿಸಿದ. ಬರದವರು ಇನ್ನೆಲ್ಲಿಗೆ ಹೋಗುತ್ತಾರೆ ಎಂದು ಯೋಚಿಸಲಿಲ್ಲ. ತನ್ನ ಕೈಯಾರೆ ಅವರನ್ನು ತನ್ನ ದೊಡ್ಡಿಯ ಬಾಗಿಲಿಗೇ ಕಳಿಸಿದ್ದ.

ನಗಬೇಕಾದ ವಿಷಯ. ನನಗೆ ನಗು ಬರಲಿಲ್ಲ.

ಅವನ ಜೀಪಿನಲ್ಲಿ ಹೊರಟೆವು. ದೀಪ ಹಾಕಿದರೂ ನಾಲ್ಕು ಮಾರಿನಾಚೆ ಏನೂ ಕಾಣುತ್ತಿರಲಿಲ್ಲ. ತಿರುವಿನಿಂದ ತಿರುವಿಗೆ ನಾನು ಅವನನ್ನು ಬೈದೆ. ಅವನ ಹುಟ್ಟನ್ನು ಬೈದೆ, ಅದು ನನ್ನ ಹುಟ್ಟೂ ಹೌದು ಎಂದು ಗೊತ್ತಿದ್ದೂ ಬೈದೆ.

"ಹಂದಿಗಳೆಲ್ಲ ರಸ್ತೆಗೆ ಬಂದಿದ್ರೆ..." ಎಂದು ಅವನು ಶುರುಮಾಡಿದ.

"ಹಂದಿ ಹೆಸ್ರೆತ್ತಿದ್ರೆ ಇಲ್ಲೇ ಇಳ್ಸಿ ನಾನೇ ಓಡಿಸ್ಕೊಂಡು ಹೋಗ್ತೀನಿ."

"ಬಯ್ಯೋದು ಆಮೇಲೆ ಬಯ್ಯಕ್ಕ. ದಾರಿ ನೋಡು ಒಂಚೂರು."

ಕವಲಿನಲ್ಲಿ ಹಲಗೆ ಎಡಕ್ಕೆ ಮುಖ ಮಾಡಿ ನೆನೆಯುತ್ತಿತ್ತು. ಅದರ ಬುಡದ ಕೆಸರಿನ ತುಂಬ ಹಂದಿಗಳ ಗೊರಸಿನ ಗುರುತು. ರಸ್ತೆಯವರೆಗೂ ಬಂದಿದ್ದವು, ಅಲ್ಲಿಂದ ವಾಪಸು ತಿರುಗಿದ್ದವು. ಯಾರೋ ಅವನ್ನು ಹಿಂದಕ್ಕೆ ಅಟ್ಟಿದ್ದರು. ದುಮೆ ಎಂಜಿನ್ ನಿಲ್ಲಿಸಿದ. ಆಗ ಕೆಳಗಿನಿಂದ ಸೈಕಲ್ ಬೆಲ್ಲು ಕೇಳಿಸಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಿಸಿತು.

ನಾನು ಆ ಇಳಿಜಾರಿನಲ್ಲಿ ಹೇಗೆ ಓಡಿದೆನೋ ಗೊತ್ತಿಲ್ಲ. ಮಂಚ ಕಲ್ಲುಗಂಬಗಳ ನಡುವೆ ಎದ್ದು ನಿಂತಿತ್ತು. ತಂತಿಯ ಜಾಗದಲ್ಲಿ ಸೈಕಲ್ ಟ್ಯೂಬು ಸುತ್ತಿತ್ತು. ಮಂಚಕ್ಕೆ ಸೈಕಲ್ಲು ಆನಿಸಿತ್ತು. ಪಕ್ಕದಲ್ಲಿ ಫೆಮ್ಕೆ ಕೆಸರಿನಲ್ಲಿ ಕೂತು, ಬೆನ್ನನ್ನು ಮಂಚಕ್ಕೆ ಒತ್ತಿ, ಹಿಮ್ಮಡಿಗಳನ್ನು ನೆಲಕ್ಕೆ ಊರಿದ್ದಳು. ಒಳಗಿನಿಂದ ಹಂದಿಗಳು ಮೂತಿಯಲ್ಲಿ ತಳ್ಳುತ್ತಿದ್ದವು. ಒಂದೊಂದು ಸಲ ತಳ್ಳಿದಾಗಲೂ ಅವಳ ತಲೆ ಅಲುಗುತ್ತಿತ್ತು. ತುಟಿ ನೀಲಿಯಾಗಿತ್ತು. ಎಡಗೈಯನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು, ಮಣಿಕಟ್ಟು ಊದಿ ಸೊಟ್ಟಗಾಗಿತ್ತು.

ದುಮೆಯನ್ನು ನೋಡಿ ಅವಳು ಮೊದಲು ಅವನಿಗೇ ಹೇಳಿದಳು: "ಎಲ್ಲಾ ಒಳಗೆ ಇವೆ. ಒಂದು ಮರಿ ಇಲ್ಲ. ಕಪ್ಪು ಮರಿ. ಹುಡುಕಿದೆ, ಮಂಜು ತುಂಬಾ. ಬೇಜಾರು ಮಾಡ್ಕೋಬೇಡ."

ದುಮೆ ತನ್ನ ಕೋಟು ಬಿಚ್ಚಿ ಅವಳಿಗೆ ಹೊದಿಸಿದ.

"ಕೈಗೇನಾಯ್ತು?" ಎಂದು ನಾನು ಕೇಳಿದೆ.

"ಹಂದಿ ತಳ್ಳಿತು, ಮಂಚ ಬಿತ್ತು. ಮತ್ತೆ ನಿಲ್ಲಿಸಿದೆ."

ಮುರಿದ ಕೈಯಲ್ಲಿ. ಆ ಮಂಚವನ್ನು ಎತ್ತಲು ದುಮೆಗೇ ಉಸಿರು ಕಟ್ಟುತ್ತದೆ. ನಾನು ಅವನ ತೋಳು ಹಿಡಿದು ಅವಳ ಎದುರಿಗೆ ಎಳೆದೆ. "ಹೇಳೋ. ಬಾಯಿ ಬಿಟ್ಟು ಹೇಳು. ಬಾರಲ್ಲಿ ಎಷ್ಟು ಮಾತಾಡ್ತಿದ್ದೆ."

ಅವನು ಬೂಟು ನೋಡಿಕೊಂಡ, ಮಂಚ ನೋಡಿದ. ಕೊನೆಗೆ, "ಹಲಗೆ ತಿರುಗ್ಸಿದ್ದು ನಾನು," ಎಂದ. "ನಿಮ್ಮೋರು ಊರಿಗೆ ಬರ್ದೆ ಇರ್ಲಿ ಅಂತ."

"ಯಾರೋ ತಿರುಗಿಸಿದಾರೆ ಅಂತ ಗೊತ್ತಿತ್ತು," ಎಂದಳು ಫೆಮ್ಕೆ. "ನನಗೆ ಹಲಗೆ ಬೇಡ, ದಾರಿ ಗೊತ್ತಲ್ಲ. ಬಲಕ್ಕೇ ತಿರುಗಿದ್ದೆ. ಆಮೇಲೆ ರಸ್ತೆಯಲ್ಲಿ ಹಂದಿ ನೋಡಿದೆ. ನಿಮ್ಮಮ್ಮ ಹೇಳಿದ್ರು, ಇಲ್ಲಿ ಮಂಚ ಅಂದ್ರೆ ಗೇಟು. ಗೇಟು ತೆರೆದಿದ್ರೆ ಮುಚ್ಚಬೇಕು. ಯಾರು ತೆರೆದ್ರು ಅಂತ ಆಮೇಲೆ ಕೇಳಬೇಕು."

ಅಷ್ಟು ಹೇಳಿದವಳು ಯಾರು ತೆರೆದರು ಎಂದು ಕೇಳಲೇ ಇಲ್ಲ. ಬೈಯಲೂ ಇಲ್ಲ. ಅವಳು ಒಂದು ಮಾತು ಬೈದಿದ್ದರೆ ದುಮೆ ತಿರುಗಿಸಿ ಎರಡು ಮಾತಾಡಿ ಬದುಕಿಕೊಳ್ಳುತ್ತಿದ್ದ. ಈಗ ಅವನಿಗೆ ಆ ದಾರಿಯೂ ಇರಲಿಲ್ಲ. ಮಂಚದ ಕಂಬಿ ಹಿಡಿದುಕೊಂಡು ಕೆಸರಿನಲ್ಲೇ ಕುಸಿದು ಅತ್ತ. ಅಮ್ಮನ ಮಣ್ಣಿನ ದಿನವೂ ಅಳದ ಮನುಷ್ಯ.

ಫೆಮ್ಕೆ ಒಳ್ಳೆಯ ಕೈಯನ್ನು ಅವನ ತಲೆಯತ್ತ ಚಾಚಿದಳು. ನಾನು ಆ ಕೈಯನ್ನು ಹಿಡಿದು ನನ್ನ ಸ್ವೆಟರಿನೊಳಗೆ ಇಟ್ಟುಕೊಂಡೆ. ಮಂಜುಗಡ್ಡೆಯಷ್ಟು ತಣ್ಣಗಿತ್ತು.

"ಅಳ್ಲಿ ಬಿಡು," ಎಂದೆ. ಆಮೇಲೆ ಅವನಿಗೆ, "ಸಾಕು, ಎದ್ದೇಳು. ಗೇಟಿಗೆ ತಂತಿ ಬಿಗಿದು ಜೀಪ್ ತಗೊಂಡು ಬಾ. ಆಸ್ಪತ್ರೆಗೆ ಹೋಗ್ಬೇಕು."

ಅವನು ಎದ್ದು ತಂತಿ ಬಿಗಿದ, ಜೀಪು ತಂದ. ಕವಲಿನಲ್ಲಿ ಜೀಪು ನಿಲ್ಲಿಸಿ ಇಳಿದು, ಮಳೆಯಲ್ಲಿ ನಿಂತು, ಹಲಗೆಯನ್ನು ಬಲಕ್ಕೆ ತಿರುಗಿಸಿ ಬಿಗಿದು ಬಂದ. "ಒಳ್ಳೇದು ಮಾಡ್ದೆ" ಎಂದು ನಾನು ಅವನಿಗೆ ಹೇಳಲಿಲ್ಲ. ಘಟ್ಟ ಇಳಿಯುವಾಗ ಫೆಮ್ಕೆ ನನ್ನ ಹೆಗಲಿಗೊರಗಿ, ಉದ್ದಕ್ಕೂ ಗಾಜಿನ ಆವಿ ಒರೆಸಿ ಒರೆಸಿ ರಸ್ತೆಯ ಅಂಚನ್ನೇ ನೋಡುತ್ತಿದ್ದಳು. ಏನನ್ನು ಹುಡುಕುತ್ತಿದ್ದಾಳೆ ಎಂದು ನನಗೆ ಗೊತ್ತಿತ್ತು, ಮುಂದೆ ಕೂತಿದ್ದ ದುಮೆಗೂ ಗೊತ್ತಿತ್ತು. ಕಪ್ಪು ಮರಿ ಎಲ್ಲಿಯೂ ಕಾಣಲಿಲ್ಲ.