ಕಣ್ಣೆದುರು ಹಿಂಡಿದ ಹಾಲು

ಅಂಬುಬಾಯಿಯವರಿಗೆ ಈ ಹೈದರಾಬಾದಿನ್ಯಾಗ ಯಾರ ಮ್ಯಾಲೂ ನಂಬಿಗಿ ಇಲ್ಲ, ಹಾಲಿನ ವಿಷಯದಾಗಂತೂ ಇಲ್ಲೇ ಇಲ್ಲ. ಪ್ಯಾಕೆಟ್ ಹಾಲು ಅಂದ್ರ ಪುಡಿ ಕಲಸಿದ ನೀರು, ಡೇರಿ ಹಾಲು ಅಂದ್ರ ಮೊನ್ನಿದು. ಅದಕ್ಕ ಮಲ್ಕಾಜ್‌ಗಿರಿಯ ಅವರ ಮನಿ ಗೇಟಿಗೇ ದಿನಾ ಮುಂಜಾನೆ ಕಲ್ಯಾಣಪ್ಪ ಆಕಳ ಹೊಡಕೊಂಡು ಬರಬೇಕು, ಅವರ ಕಣ್ಣೆದುರೇ ಹಿಂಡಬೇಕು. ಅದಕ್ಕೂ ಮೊದಲು ಖಾಲಿ ತಂಬಿಗಿ ಬೋರಲು ಹಾಕಿ ತೋರಸಬೇಕು, ಒಳಗ ನೀರಿಲ್ಲ ಅಂತ.

"ನೋಡ್ರಿ ಅಮ್ಮಾರ, ಖಾಲಿ ಐತಿ," ಅಂತಾನ ಕಲ್ಯಾಣಪ್ಪ.

"ಜಾಡಸು, ಜಾಡಸು. ನಿಮ್ಮಂಥಾವರ ಕೈಚಳಕ ನನಗ ಗೊತ್ತದ," ಅಂತಾರ ಅಂಬುಬಾಯಿ.

ಇಷ್ಟೆಲ್ಲಾ ಕಾವಲು ಮೊಮ್ಮಗ ಕೌಸ್ತುಭನ ಸಲುವಾಗಿ. ಇನ್ನೂ ನಾಲ್ಕು ತಿಂಗಳು ತುಂಬದ ಕೂಸು. ಅವನ ತಾಯಿ ಹರ್ಷದಾಳಿಗೆ ಮಾದಾಪುರದ ಸಾಫ್ಟ್‌ವೇರ್ ಕಂಪನಿಯೊಳಗ ಕೆಲಸ. ಇಪ್ಪತ್ತು ವರ್ಷದ ಹಿಂದಿನ ಮಾತಿದು, ಅಲ್ಲಿ ತಿಂಗಳಿಗೊಂದು ಗಾಜಿನ ಕಟ್ಟಡ ಏಳೂ ಕಾಲ, ಹೆರಿಗಿ ರಜಾ ಮೂರೇ ತಿಂಗಳು. ರಜಾ ಮುಗದದ್ದೇ ತಡ, ಬಾಗಿಲಿಗೆ ಕ್ಯಾಬ್ ಬಂದು ನಿಂತಿತು. ಪಾಪ, ಆಕಿ ದಿನಾ ಆಫೀಸಿನ್ಯಾಗ ತನ್ನ ಎದಿಹಾಲು ಹಿಂಡಿ, ಬರ್ಫದಾಗ ಇಟ್ಟು ತಂದು, ಸ್ಟೀಲ್ ಡಬ್ಬಿಯೊಳಗ ಫ್ರಿಜ್ಜಿನ್ಯಾಗ ಇಡತಿದ್ಲು. "ಅತ್ಯಾ, ನಾಳೆ ಡಬ್ಬಿ ಬಿಸಿನೀರಾಗ ಇಟ್ಟು ಬೆಚ್ಚಗ ಮಾಡಿ, ಚಮಚಾದಿಂದ ಕುಡಸ್ರಿ," ಅಂತ ಹೇಳತಿದ್ಲು.

ಅತ್ತಿ "ಹೂಂ" ಅಂತಿದ್ರು. ಮರುದಿನ ಕ್ಯಾಬ್ ತಿರುವು ದಾಟೋದೇ ತಡ, ಆ ಹಾಲು ದಾಸವಾಳದ ಬುಡಕ್ಕ! ನಿನ್ನೆ ಹಿಂಡಿದ ಥಂಡಿ ಹಾಲು ಕೂಸಿಗೆ ಕುಡಸೂದಾ? ಶ್ರೀಹರಿ! ಅದರ ಬದಲಿ ಆಗಷ್ಟೇ ಹಿಂಡಿದ ಆಕಳ ನೊರಿಹಾಲು. ಕಾಸಿದ್ರ ಸತ್ವ ಹೋಗ್ತದ ಅಂತ ಕಾಸೂದೂ ಇಲ್ಲ.

ಹತ್ತು ದಿನ ನಡೀತು ಈ ಗುಟ್ಟಿನ ಸೇವಾ. ಹನ್ನೊಂದನೇ ದಿನ, ಕಲ್ಯಾಣಪ್ಪ ಇನ್ನೂ ಗೇಟಿನ ಕಡೆ ಆಕಳ ಕಾಲಿನ ಹಗ್ಗ ಬಿಚ್ಚಲಿಕತ್ತಿದ್ದ, ಒಳಗ ಕೂಸಿನ ಬಟ್ಟಿ ಬದಲಿ ಮಾಡಲಿಕ್ಕೆ ಹೋದ ಅಂಬುಬಾಯಿ ಕಿಟಾರನೆ ಚೀರಿದ್ರು. ಬಟ್ಟಿ ತುಂಬ ನೀರಿನಂಥಾ ಭೇದಿ, ಅದರೊಳಗ ರಕ್ತ! ಕೂಸಿನ ಮೈ ಸುಡಲಿಕತ್ತಿತ್ತು, ಕಣ್ಣು ಗುಳಿ ಬಿದ್ದಿದ್ವು.

ಮ್ಯಾಲಿನ ಮನಿ ಮಂದಾಕಿನಿ ಓಡಿ ಬಂದ್ಲು. ಮೂವತ್ತು ವರ್ಷ ಹೆರಿಗಿ ವಾರ್ಡಿನ್ಯಾಗ ನರ್ಸ್ ಆಗಿದ್ದಾಕಿ.

"ಏನು ಕುಡಿಸೀರಿ ಅಂಬಕ್ಕಾ?"

"ಆಕಳ ಹಾಲವಾ! ಕಾಸಲಾರದ್ದು. ಕಣ್ಣೆದುರೇ ಹಿಂಡಿಸಿದ್ದು. ಒಂದು ಹನಿ ನೀರಿಲ್ಲ!"

ಮಂದಾಕಿನಿ ಎದಿ ಮ್ಯಾಲೆ ಕೈ ಇಟ್ಟುಕೊಂಡ್ಲು. "ಹಸಿ ಹಾಲಾ? ನಾಲ್ಕು ತಿಂಗಳೂ ತುಂಬದ ಕೂಸಿಗೆ?"

ಚೀರಾಟ ಕೇಳಿ ಬಾಗಿಲಿಗೆ ಬಂದಿದ್ದ ಕಲ್ಯಾಣಪ್ಪನ ಕೈಯಾಗಿನ ತಂಬಿಗಿ ಠಣ್ ಅಂತ ಬಿತ್ತು. "ಅಯ್ಯಯ್ಯೋ ಅಮ್ಮಾರ! ನಿಮ್ಮ ಚಹಾಕ್ಕ ಅನ್ಕೊಂಡಿದ್ನಿರಿ. ನಮ್ಮ ಮನ್ಯಾಗ ದೊಡ್ಡೋರೂ ಹಸಿ ಹಾಲು ಕುಡಿಯಂಗಿಲ್ಲ. ಆಕಳು ಸಗಣ್ಯಾಗ ಮಲಗತೈತಿ. ನನ್ನ ಮೊಮ್ಮಗಳಿಗೆ ಅವರವ್ವನ ಹಾಲು ಬಿಟ್ಟು ಬ್ಯಾರೆ ಏನೂ ಹಾಕಿಲ್ರಿ!"

ಹಾಲು ಮಾರಾವನೇ ಹಿಂಗಂದ್ರ! ಮಂದಾಕಿನಿ ಕೂಸನ್ನ ಎತ್ತಿಕೊಂಡು, ಅಂಬುಬಾಯಿಯವರನ್ನೂ ಎಳಕೊಂಡು ಆಟೋ ಹತ್ತಿದ್ಲು.

"ನೀರು ಬಿದ್ದಾವೇನು ಅಂತ ಕಾಯ್ದ್ರಿ ಅಂಬಕ್ಕಾ. ಕಣ್ಣಿಗೆ ಕಾಣಲಾರದ ರೋಗಾಣು ಯಾರಿಗೆ ಕಾಣತಾವ? ಆಕಳು ಗಟ್ಟಿಮುಟ್ಟ ಇದ್ರೂ ಹಸಿ ಹಾಲಿನ್ಯಾಗ ಟಿಬಿ ಸೈತ ಬರಬಹುದು."

"ಇನ್ಮ್ಯಾಲೆ ಕಾಸಿ ಕೊಡ್ತೀನವಾ!"

"ಕಾಸಿದ್ರ ರೋಗಾಣು ಸಾಯ್ತಾವ, ಖರೆ. ಆದ್ರ ಆಕಳ ಹಾಲು ಕರುವಿನ ಊಟ. ಅದರಾಗಿನ ಉಪ್ಪು, ಪ್ರೋಟೀನು ಇಷ್ಟು ಸಣ್ಣ ಕೂಸಿನ ಮೂತ್ರಪಿಂಡಕ್ಕ ಭಾರ. ಕೆಲವು ಕೂಸುಗಳಿಗೆ ಹೊಟ್ಟಿಯೊಳಗೇ ರಕ್ತ ಜಿನಗತದ, ಮೈಯಾಗಿನ ರಕ್ತ ಕಡಿಮಿ ಆಗ್ತದ."

ಆಸ್ಪತ್ರಿಯಾಗ ಆ ಪುಟ್ಟ ಕೈಗೆ ಸಲೈನ್ ಚುಚ್ಚಿದ್ರು. ಹರ್ಷದಾ ಓಡಿ ಬಂದ್ಲು. ಅಂಬುಬಾಯಿ ಏನೂ ಮುಚ್ಚಿಡಲಿಲ್ಲ.

"ಮತ್ತ ನನ್ನ ಹಾಲು?" ಅಂದ್ಲು ಹರ್ಷದಾ.

"ದಾಸವಾಳದ ಬುಡಕ್ಕ ಹಾಕಿದೆ."

ಹರ್ಷದಾ ಬಯ್ಯಲಿಲ್ಲ. ಬಯ್ದಿದ್ರ ಛಲೋ ಇತ್ತು. "ಅತ್ಯಾ, ಆಫೀಸಿನ್ಯಾಗ ಜಾಗಾ ಇಲ್ಲಂತ ಸ್ಟೋರ್‌ರೂಮಿನ್ಯಾಗ ಕೂತು ಹಿಂಡತಿದ್ದೆ, ಚಿಲಕ ಇಲ್ಲದ ಬಾಗಿಲಿಗೆ ಬೆನ್ನು ಕೊಟ್ಟು," ಅಂದು ಅಳಲಿಕತ್ಲು.

ಅಂಬುಬಾಯಿ ತಮ್ಮ ಸೆರಗಿನಿಂದ ಆಕಿ ಕಣ್ಣು ಒರಸಿದ್ರು. ಒಂದು ಹನಿ ನೀರಿಗೆ ಅಷ್ಟು ಕಾವಲು ಕಾಯ್ದವರು, ಕೂಸಿನ ಊಟಾನೇ ದಿನಾ ಮಣ್ಣಿಗೆ ಸುರುವಿದ್ರು.

ದೇವರ ದಯಾ, ಆರನೇ ದಿನ ಕೂಸು ನಕ್ಕೋತ ಮನಿಗೆ ಬಂತು. ಹರ್ಷದಾ ಮತ್ತ ಕೆಲಸಕ್ಕ ಹೋದ ದಿನ ಸಂಜಿಗೆ ಕ್ಯಾಬ್ ಇಳಿದು ನೋಡ್ತಾಳ, ಗೇಟಿನ್ಯಾಗ ಅತ್ತಿ ನಿಂತಾರ, ಕೈಯಾಗ ಆಕಿ ಸ್ಟೀಲ್ ಡಬ್ಬಿ. ಥೇಟ್ ಕಲ್ಯಾಣಪ್ಪನಂಗ ಅದನ್ನ ಬೋರಲು ಹಾಕಿ, ಜಾಡಿಸಿ ತೋರಿಸಿದ್ರು.

"ನೋಡವಾ ಹರ್ಷದಾ. ಒಂದು ಹನಿ ಉಳದಿಲ್ಲ. ಎಲ್ಲಾ ಕುಡದಾನ."

ಹಡದವರೂ ಆಡಸೋರೂ ಕೇಳ್ರಿ. ಆರು ತಿಂಗಳ ತನಕ ಕೂಸಿಗೆ ಎದಿಹಾಲು ಬಿಟ್ಟು ಬ್ಯಾರೆ ಏನೂ ಬ್ಯಾಡ. ಆಮ್ಯಾಲೆ ಮೆತ್ತನ ಊಟದ ಜೋಡಿ ಎದಿಹಾಲು ಮುಂದುವರಸ್ರಿ. ವರ್ಷ ತುಂಬೋತನಕ ಎದಿಹಾಲಿನ ಬದಲಿ ಆಕಳ ಹಾಲು ಕೊಡಬ್ಯಾಡ್ರಿ. ಹಾಲು ಸಾಲದಿದ್ರ ಡಾಕ್ಟರನ್ನ ಕೇಳ್ರಿ. ಹಸಿ ಹಾಲಂತೂ ಯಾರಿಗೂ ಬ್ಯಾಡ, ಕಣ್ಣೆದುರೇ ಹಿಂಡಿದ್ರೂ ಕಾಸೇ ಕುಡೀರಿ. ನಿಮ್ಮ ಸೊಸಿಯೋ ಮಗಳೋ ಕೆಲಸಕ್ಕ ಹೋಗ್ತಾಳೇನು? ಆಕಿ ಹಿಂಡಿಟ್ಟ ಹಾಲು ಬೆಚ್ಚಗ ಮಾಡಿ ಕೂಸಿಗೆ ಕುಡಸ್ರಿ, ಸಂಜಿಗೆ ಆಕಿ ಬಂದಾಗ ಖಾಲಿ ಡಬ್ಬಿ ಬೋರಲು ಹಾಕಿ ತೋರಸ್ರಿ.